ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನಲ್ಲಿ ಕೀಲಿ–ಮೌಲ್ಯ ರಚನೆಗಳ ಚರಿತ್ರೆ

ಒಂದು ಹೆಸರು ಕೊಟ್ಟರೆ ಅದಕ್ಕೆ ಸೇರಿದ ವಿವರವನ್ನು ತೆಗೆದುಕೊಡುವ ದತ್ತರಚನೆಯೇ ಕೀಲಿ–ಮೌಲ್ಯ ರಚನೆ. ಇದನ್ನು ಸ್ಮಾಲ್‌ಟಾಕ್ ಮತ್ತು ಪೈಥಾನ್‌ನವರು ಡಿಕ್ಷನರಿ ಎನ್ನುತ್ತಾರೆ, ಜಾವಾ ಮತ್ತು ಸಿ++ನವರು ಮ್ಯಾಪ್ ಎನ್ನುತ್ತಾರೆ, ಪರ್ಲ್ ಮತ್ತು ರೂಬಿಯಲ್ಲಿ ಇದು ಹ್ಯಾಶ್, ಲುವಾದಲ್ಲಿ ಟೇಬಲ್. ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳಲ್ಲಿ ಇದಕ್ಕೆ ಎರಡು ಪಾತ್ರಗಳಿವೆ. ಪ್ರೋಗ್ರಾಮರ್ ಬಳಸುವ ಹತ್ತಾರು ಬಗೆಯ ಆಬ್ಜೆಕ್ಟ್‌ಗಳಲ್ಲಿ ಇದೂ ಒಂದು. ಅದೇ ಹೊತ್ತಿಗೆ, ಹಲವು ಭಾಷೆಗಳಲ್ಲಿ ಆಬ್ಜೆಕ್ಟ್ ಎಂಬುದನ್ನು ಬಿಚ್ಚಿ ನೋಡಿದರೆ ಒಳಗೆ ಸಿಗುವುದೂ ಒಂದು ಕೀಲಿ–ಮೌಲ್ಯ ಪಟ್ಟಿಯೇ. ಈ ಎರಡು ಪಾತ್ರಗಳ ನಡುವಿನ ಎಳೆದಾಟ ಐದು ದಶಕಗಳಿಂದ ನಡೆದಿದೆ.

ಆಬ್ಜೆಕ್ಟ್‌ಗಿಂತ ಮೊದಲು

ಕೀಲಿ–ಮೌಲ್ಯ ರಚನೆಯನ್ನು ಕಟ್ಟುವ ದಾರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹ್ಯಾಶಿಂಗ್. ಕೀಲಿಯ ಮೇಲೆ ಒಂದು ಲೆಕ್ಕ ಮಾಡಿ ಸಂಖ್ಯೆ ತೆಗೆಯುವುದು, ಆ ಸಂಖ್ಯೆ ತೋರಿಸಿದ ಗೂಡಿನಲ್ಲಿ ಮೌಲ್ಯವನ್ನು ಇಡುವುದು. ಹುಡುಕುವಾಗ ಅದೇ ಲೆಕ್ಕ ಮಾಡಿ ನೇರವಾಗಿ ಅದೇ ಗೂಡಿಗೆ ಹೋಗುವುದು. ಕೋಷ್ಟಕದಲ್ಲಿ ಹತ್ತು ಹೆಸರಿರಲಿ, ಹತ್ತು ಲಕ್ಷವಿರಲಿ, ಹುಡುಕಲು ಹಿಡಿಯುವ ಸಮಯ ಸರಾಸರಿಯಲ್ಲಿ ಒಂದೇ. ಎರಡು ಕೀಲಿಗಳು ಒಂದೇ ಗೂಡಿಗೆ ಬಂದರೆ ಏನು ಮಾಡಬೇಕು ಎಂಬುದಷ್ಟೇ ತೊಡಕು.

ಈ ಉಪಾಯವನ್ನು ಐಬಿಎಂನ ಹಾನ್ಸ್ ಪೀಟರ್ ಲೂನ್ 1953ರ ಜನವರಿಯಲ್ಲಿ ಕಂಪನಿಯೊಳಗಿನ ಒಂದು ಟಿಪ್ಪಣಿಯಲ್ಲಿ ಬರೆದಿಟ್ಟರು. ಒಂದೇ ಗೂಡಿಗೆ ಬಂದವನ್ನು ಸರಪಳಿಯಾಗಿ ಪೋಣಿಸಿಡಬಹುದು ಎಂಬ ಸೂಚನೆಯೂ ಅದರಲ್ಲಿತ್ತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಐಬಿಎಂನ ಇನ್ನೊಂದು ಗುಂಪು, ಅಂದರೆ ಜೀನ್ ಆಮ್‌ಡಾಲ್, ಎಲೇನ್ ಮೆಕ್‌ಗ್ರಾ, ನಥಾನಿಯಲ್ ರಾಚೆಸ್ಟರ್ ಮತ್ತು ಆರ್ಥರ್ ಸ್ಯಾಮ್ಯುಯಲ್, 701 ಯಂತ್ರಕ್ಕೆ ಅಸೆಂಬ್ಲರ್ ಬರೆಯುವಾಗ ಬೇರೆ ದಾರಿ ಹಿಡಿಯಿತು: ಗೂಡು ತುಂಬಿದ್ದರೆ ಪಕ್ಕದ್ದನ್ನು ನೋಡು, ಅದೂ ತುಂಬಿದ್ದರೆ ಅದರ ಪಕ್ಕದ್ದು. ಸೋವಿಯತ್ ಒಕ್ಕೂಟದಲ್ಲಿ ಆಂದ್ರೇ ಎರ್ಶೋವ್ 1957ರಲ್ಲಿ ಇದನ್ನೇ ಸ್ವತಂತ್ರವಾಗಿ ಕಂಡುಕೊಂಡರು. ಆ ಗುಂಪಿನ ಮುಂದೆಯೂ ಎರ್ಶೋವ್ ಮುಂದೆಯೂ ಇದ್ದದ್ದು ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕೆಲಸ. ಪ್ರೋಗ್ರಾಮರ್ ಬರೆದ ಹೆಸರಿಗೆ ಯಂತ್ರದ ಯಾವ ವಿಳಾಸ ಎಂಬುದು ಅಲ್ಲಿ ಕ್ಷಣಕ್ಷಣಕ್ಕೂ ಬೇಕು.

ಇನ್ನೊಂದು ಎಳೆ ಲಿಸ್ಪ್‌ನಿಂದ ಬರುತ್ತದೆ. ಜಾನ್ ಮೆಕಾರ್ಥಿ ರೂಪಿಸಿದ ಈ ಭಾಷೆಯಲ್ಲಿ ಜೋಡಿಗಳ ಪಟ್ಟಿ ಇತ್ತು, ಪ್ರತಿಯೊಂದು ಸಂಕೇತಕ್ಕೂ ಅಂಟಿಕೊಂಡ ಗುಣಗಳ ಪಟ್ಟಿಯೂ ಇತ್ತು. ಎರಡೂ ನಿಧಾನ, ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋಗಬೇಕು. ಆದರೆ ಒಂದು ವಸ್ತುವಿನ ಬಗ್ಗೆ ಗೊತ್ತಿರುವುದನ್ನೆಲ್ಲ ಹೆಸರು–ಮೌಲ್ಯ ಜೋಡಿಗಳಾಗಿ ಅದಕ್ಕೇ ಕಟ್ಟಿಡಬಹುದು ಎಂಬ ಕಲ್ಪನೆ ಅಲ್ಲೇ ಮೊಳೆತಿತ್ತು.

ಕ್ಲಾಸ್ ಮತ್ತು ಆಬ್ಜೆಕ್ಟ್‌ಗಳನ್ನು ಮೊದಲು ಕೊಟ್ಟ ಸಿಮ್ಯುಲಾ 67 ಈ ಎಳೆಯನ್ನು ಹಿಡಿಯಲಿಲ್ಲ. ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಈ ಭಾಷೆಯಲ್ಲಿ ಆಬ್ಜೆಕ್ಟಿನ ಅಂಗಗಳು ಕಂಪೈಲ್ ಆಗುವಾಗಲೇ ನಿಗದಿಯಾಗುತ್ತಿದ್ದವು. ಸಂಗ್ರಹಕ್ಕೆಂದು ಭಾಷೆಯ ಜೊತೆಗೆ ಬಂದದ್ದು ಸಿಮ್‌ಸೆಟ್ ಎಂಬ ಕೊಂಡಿಪಟ್ಟಿ. ಡಿಕ್ಷನರಿ ಇರಲಿಲ್ಲ.

ಸ್ಮಾಲ್‌ಟಾಕ್

ಡಿಕ್ಷನರಿಗೆ ಆಬ್ಜೆಕ್ಟ್ ಲೋಕದಲ್ಲಿ ಪೌರತ್ವ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ, ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ ಮತ್ತು ಸಂಗಡಿಗರು ಕಟ್ಟಿದ ಸ್ಮಾಲ್‌ಟಾಕ್‌ನಲ್ಲಿ. ಅಡೆಲ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ರಾಬ್‌ಸನ್ 1983ರಲ್ಲಿ ಪ್ರಕಟಿಸಿದ ಪುಸ್ತಕ ಸ್ಮಾಲ್‌ಟಾಕ್-80ರ ಕ್ಲಾಸ್‌ಗಳನ್ನು ಒಂದೊಂದಾಗಿ ವಿವರಿಸುತ್ತದೆ. ಅದರಲ್ಲಿ ಡಿಕ್ಷನರಿಯು ಸೆಟ್ ಎಂಬ ಕ್ಲಾಸಿನ ಮಗು. ಒಂದು ಕೀಲಿ ಮತ್ತು ಒಂದು ಮೌಲ್ಯ ಸೇರಿದ ಜೋಡಿಗೆ ಅಸೋಸಿಯೇಶನ್ ಎಂಬ ಪ್ರತ್ಯೇಕ ಕ್ಲಾಸ್. ಇಂಥ ಜೋಡಿಗಳ ಗುಂಪೇ ಡಿಕ್ಷನರಿ ಎಂಬುದು ಅಲ್ಲಿನ ತರ್ಕ. ಕೇಳಲು ಚೆನ್ನಾಗಿದೆ, ಆದರೆ ಈ ವಂಶಾವಳಿ ಅಷ್ಟು ಸಲೀಸಾಗಿರಲಿಲ್ಲ. ಸೆಟ್ಟಿನ ಮೇಲೆ ಒಂದು ಸುತ್ತು ಬಂದರೆ ಅದರ ಸದಸ್ಯರು ಸಿಗಬೇಕು. ಡಿಕ್ಷನರಿಯ ಮೇಲೆ ಸುತ್ತು ಬಂದರೆ ಸಿಗುತ್ತಿದ್ದುದು ಜೋಡಿಗಳಲ್ಲ, ಬರೀ ಮೌಲ್ಯಗಳು. ತಂದೆಯ ಮಾತನ್ನು ಮಗು ಬೇರೆ ಅರ್ಥದಲ್ಲಿ ನಡೆಸುತ್ತಿತ್ತು. ಸ್ಮಾಲ್‌ಟಾಕ್ ಪರಂಪರೆಯ ಫಾರೋದಲ್ಲಿ ಈಗ ಎರಡೂ ಹ್ಯಾಶ್ಡ್ ಕಲೆಕ್ಷನ್ ಎಂಬ ಒಬ್ಬ ತಂದೆಯ ಕೆಳಗೆ ಅಣ್ಣತಮ್ಮಂದಿರಾಗಿವೆ.

ಇದಕ್ಕಿಂತ ದೊಡ್ಡ ಸಂಗತಿ ಆ ವ್ಯವಸ್ಥೆಯ ಒಳಗಿತ್ತು. ಸ್ಮಾಲ್‌ಟಾಕ್‌ನಲ್ಲಿ ಪ್ರತಿಯೊಂದು ಕ್ಲಾಸ್ ತನ್ನ ಮೆಥಡ್‌ಗಳನ್ನು ಇಟ್ಟುಕೊಳ್ಳುವುದೇ ಒಂದು ಡಿಕ್ಷನರಿಯಲ್ಲಿ: ಸಂದೇಶದ ಹೆಸರು ಕೀಲಿ, ಕಂಪೈಲ್ ಆದ ಕೋಡ್ ಮೌಲ್ಯ. ಆಬ್ಜೆಕ್ಟಿಗೆ ಒಂದು ಸಂದೇಶ ಕಳಿಸಿದರೆ ಮೊದಲು ಅದರ ಕ್ಲಾಸಿನ ಡಿಕ್ಷನರಿಯಲ್ಲಿ ಹುಡುಕಾಟ, ಅಲ್ಲಿಲ್ಲದಿದ್ದರೆ ಮೇಲಿನ ಕ್ಲಾಸಿನದರಲ್ಲಿ, ಹೀಗೆ ಬೇರಿನವರೆಗೆ. ಜಾಗತಿಕ ಹೆಸರುಗಳೆಲ್ಲ ಸ್ಮಾಲ್‌ಟಾಕ್ ಎಂದೇ ಹೆಸರಿದ್ದ ಇನ್ನೊಂದು ಡಿಕ್ಷನರಿಯಲ್ಲಿ. ಆನುವಂಶಿಕತೆ ಎಂದು ಪಠ್ಯಪುಸ್ತಕಗಳು ಗಂಭೀರವಾಗಿ ವಿವರಿಸುವ ತತ್ತ್ವ ಇಲ್ಲಿ ಡಿಕ್ಷನರಿಗಳ ಸಾಲಿನಲ್ಲಿ ಕೀಲಿ ಹುಡುಕುವ ಕೆಲಸವಾಗಿತ್ತು. ಪ್ರತಿ ಸಂದೇಶಕ್ಕೂ ಹೀಗೆ ಹುಡುಕಿದರೆ ಯಂತ್ರ ತೆವಳುತ್ತದೆ. ಹಿಂದಿನ ಸಲ ಸಿಕ್ಕಿದ್ದನ್ನು ಕರೆಯುವ ಜಾಗದಲ್ಲೇ ಬರೆದಿಟ್ಟುಕೊಳ್ಳುವ ಇನ್‌ಲೈನ್ ಕ್ಯಾಶ್ ಉಪಾಯವನ್ನು ಪೀಟರ್ ಡಾಯ್ಚ್ ಮತ್ತು ಅಲನ್ ಶಿಫ್‌ಮನ್ 1984ರಲ್ಲಿ ಪ್ರಕಟಿಸಿದರು.

ಸಿ++ ದಾರಿ

ಸಿ++ ಈ ಕಡೆಗೆ ತಡವಾಗಿ ಬಂತು. ಅಲೆಕ್ಸಾಂಡರ್ ಸ್ಟೆಪನೋವ್ ಮತ್ತು ಮೆಂಗ್ ಲೀ ಬರೆದ ಸಿದ್ಧ ಕೋಡ್‌ಗಳ ಗ್ರಂಥಾಲಯ 1994ರಲ್ಲಿ ಸಿ++ ಮಾನಕ ಸಮಿತಿಯ ಒಪ್ಪಿಗೆ ಪಡೆಯಿತು. ಅದರ ಮ್ಯಾಪ್ ಹ್ಯಾಶ್ ಮಾಡುವುದಿಲ್ಲ, ಕೀಲಿಗಳನ್ನು ಕ್ರಮದಲ್ಲಿಡುತ್ತದೆ. ಒಳಗೆ ಸಾಮಾನ್ಯವಾಗಿ ಕೆಂಪು–ಕಪ್ಪು ಮರ ಎಂಬ, ಸಮತೋಲ ಕಾಯ್ದುಕೊಳ್ಳುವ ಹುಡುಕುಮರವಿರುತ್ತದೆ. ಕೀಲಿಗೆ ಬೇಕಾದ ಅರ್ಹತೆ ಒಂದೇ, ಚಿಕ್ಕದು ಯಾವುದು ಎಂದು ಹೇಳಲು ಬರಬೇಕು. ಹ್ಯಾಶ್ ಕೋಷ್ಟಕದ ಪ್ರಸ್ತಾವ ತಡವಾಗಿ ಬಂದದ್ದರಿಂದ 1998ರ ಮಾನಕದಲ್ಲಿ ಸೇರಲಿಲ್ಲ. 2011ರ ಮಾನಕದಲ್ಲಿ ಸೇರುವಾಗ ಸಹಜವಾದ ಹೆಸರುಗಳನ್ನು ಬೇರೆ ಬೇರೆ ಕಂಪನಿಗಳು ಆಗಲೇ ಬಳಸಿಬಿಟ್ಟಿದ್ದವು, ಹಾಗಾಗಿ ಅನ್‌ಆರ್ಡರ್ಡ್ ಮ್ಯಾಪ್ ಎಂಬ ಉದ್ದ ಹೆಸರು ಉಳಿಯಿತು. ಸಿ++ ಮ್ಯಾಪಿನ ಒಂದು ಅಭ್ಯಾಸ ಹೊಸಬರನ್ನು ಈಗಲೂ ಬೀಳಿಸುತ್ತದೆ: ಚೌಕ ಆವರಣದಲ್ಲಿ ಇಲ್ಲದ ಕೀಲಿಯನ್ನು ಕೇಳಿದರೆ ಅದು ಇಲ್ಲ ಎನ್ನುವುದಿಲ್ಲ, ಖಾಲಿ ಮೌಲ್ಯದೊಂದಿಗೆ ಸೇರಿಸಿಯೇ ಬಿಡುತ್ತದೆ.

ಜಾವಾ: ಸಮಾನತೆಯ ಕರಾರು

ಕೀಲಿಯ ಜಾಗದಲ್ಲಿ ಯಾವ ಆಬ್ಜೆಕ್ಟನ್ನಾದರೂ ಇಡಬಹುದು ಎಂದಾದ ಮೇಲೆ ಒಂದು ಪ್ರಶ್ನೆಗೆ ಉತ್ತರ ಕೊಡಲೇಬೇಕು. ಎರಡು ಆಬ್ಜೆಕ್ಟ್‌ಗಳು ಯಾವಾಗ ಒಂದೇ? ಇದನ್ನು ಲಕ್ಷಾಂತರ ಪ್ರೋಗ್ರಾಮರ್‌ಗಳ ತಲೆಯ ಮೇಲೆ ಹೊರಿಸಿದ್ದು ಜಾವಾ.

1996ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರತಂದ ಮೊದಲ ಆವೃತ್ತಿಯಲ್ಲಿ ಡಿಕ್ಷನರಿ ಎಂಬ ಅಮೂರ್ತ ಕ್ಲಾಸ್, ಅದರ ಕೆಳಗೆ ಹ್ಯಾಶ್‌ಟೇಬಲ್, ಅದರ ಕೆಳಗೆ ಪ್ರಾಪರ್ಟೀಸ್ ಇದ್ದವು. ಕೊನೆಯದು ಆನುವಂಶಿಕತೆಯ ದುರ್ಬಳಕೆಗೆ ಮಾದರಿಯಂತಿದೆ. ಅದರಲ್ಲಿ ಇರಬೇಕಾದದ್ದು ಅಕ್ಷರಸಾಲುಗಳು ಮಾತ್ರ, ಆದರೆ ಹ್ಯಾಶ್‌ಟೇಬಲ್‌ನ ಮಗುವಾದ್ದರಿಂದ ತಂದೆಯ ಮೆಥಡ್ ಮೂಲಕ ಏನನ್ನು ಬೇಕಾದರೂ ತುರುಕಬಹುದು. ಆಮೇಲೆ ಫೈಲಿಗೆ ಉಳಿಸಲು ಹೋದಾಗ ಪ್ರೋಗ್ರಾಮ್ ಮುಗ್ಗರಿಸುತ್ತದೆ. ಒಳಗೊಂದು ಹ್ಯಾಶ್‌ಟೇಬಲ್ ಇಟ್ಟುಕೊಂಡಿದ್ದರೆ ಸಾಕಿತ್ತು, ಅದರ ಮಗುವಾಗಬೇಕಿರಲಿಲ್ಲ. ಹಳೆಯ ಪ್ರೋಗ್ರಾಮ್‌ಗಳು ಕೆಡುತ್ತವೆಂಬ ಕಾರಣಕ್ಕೆ ಇದು ಇವತ್ತಿಗೂ ಹಾಗೆಯೇ ಇದೆ. 1998ರ ಡಿಸೆಂಬರಿನಲ್ಲಿ ಬಂದ 1.2 ಆವೃತ್ತಿಗೆ ಜೋಶುವಾ ಬ್ಲಾಕ್ ಹೊಸ ಸಂಗ್ರಹ ಚೌಕಟ್ಟು ರೂಪಿಸಿದರು. ಮ್ಯಾಪ್ ಈಗ ಇಂಟರ್‌ಫೇಸ್ ಆಯಿತು, ಮತ್ತು ಅದನ್ನು ಉಳಿದ ಸಂಗ್ರಹಗಳ ವಂಶಕ್ಕೆ ಸೇರಿಸದೆ ಹೊರಗಿಟ್ಟರು. ಸ್ಮಾಲ್‌ಟಾಕ್‌ನ ತೊಡಕನ್ನು ನೆನೆದರೆ ಇದು ಜಾಣತನದ ನಿರ್ಧಾರ.

ಸಮಾನತೆಯ ಪ್ರಶ್ನೆಗೆ ಜಾವಾ ಹಾಕಿದ ಕರಾರು ಹೀಗಿದೆ: ಸಮವೋ ಅಲ್ಲವೋ ಎಂದು ಹೇಳುವ ಈಕ್ವಲ್ಸ್ ಮೆಥಡ್ ಪ್ರಕಾರ ಎರಡು ಆಬ್ಜೆಕ್ಟ್‌ಗಳು ಸಮವಾದರೆ, ಹ್ಯಾಶಿಂಗ್‌ಗೆ ಸಂಖ್ಯೆ ಕೊಡುವ ಅವುಗಳ ಹ್ಯಾಶ್‌ಕೋಡ್ ಒಂದೇ ಆಗಿರಬೇಕು. ತಿರುಗುಮುರುಗು ಆಗಬೇಕಿಲ್ಲ. ವಿದ್ಯುತ್ ಬಿಲ್ಲಿನ ಆರ್‌ಆರ್ ಸಂಖ್ಯೆಗೆ ಒಂದು ಕ್ಲಾಸ್ ಬರೆದು, ಈಕ್ವಲ್ಸ್ ಮಾತ್ರ ತಿದ್ದಿ ಹ್ಯಾಶ್‌ಕೋಡ್ ಮರೆತರೆ, ಅದೇ ಸಂಖ್ಯೆಯ ಹೊಸ ಆಬ್ಜೆಕ್ಟ್ ಸೃಷ್ಟಿಸಿ ಹುಡುಕಿದಾಗ ಮ್ಯಾಪ್ ಬೇರೆ ಗೂಡಿಗೆ ಹೋಗಿ ಬರಿಗೈಯಲ್ಲಿ ಬರುತ್ತದೆ. ದತ್ತ ಅಲ್ಲೇ ಇದೆ, ಯಾವ ಎರರ್ ಕೂಡ ಇಲ್ಲ, ಗ್ರಾಹಕನ ಖಾತೆ ಮಾತ್ರ ಸಿಗುವುದಿಲ್ಲ.

ಅಕ್ಷರಸಾಲಿನ ಹ್ಯಾಶ್‌ಕೋಡ್ ಅನ್ನು ಜಾವಾ ಲೆಕ್ಕ ಹಾಕುವುದು ಸರಳವಾಗಿ: ಇದುವರೆಗಿನ ಮೊತ್ತವನ್ನು 31ರಿಂದ ಗುಣಿಸಿ ಮುಂದಿನ ಅಕ್ಷರದ ಯೂನಿಕೋಡ್ ಸಂಖ್ಯೆ ಕೂಡಿಸುತ್ತ ಹೋಗುವುದು. ಕನ್ನಡದ ‘ಭೇದ’ ಮತ್ತು ‘ಮನದ’ ಪದಗಳನ್ನು ತೆಗೆದುಕೊಳ್ಳಿ. ಭ 3245, ಏತ್ವದ ಚಿಹ್ನೆ 3271, ದ 3238. ಮೊದಲೆರಡರಿಂದ 3245ರ 31 ಪಟ್ಟು, ಕೂಡಿಸು 3271, ಒಟ್ಟು 1,03,866. ಇನ್ನೊಂದು ಪದದಲ್ಲಿ ಮ 3246, ನ 3240; ಗುಣಿಸಿ ಕೂಡಿಸಿದರೆ ಮತ್ತೆ 1,03,866. ಎರಡರ ಕೊನೆಗೂ ದ. ಹೀಗೆ ಎರಡೂ ಪದಗಳ ಹ್ಯಾಶ್‌ಕೋಡ್ 32,23,084. ಹದಿನಾರು ಗೂಡುಗಳ ಹ್ಯಾಶ್‌ಮ್ಯಾಪ್‌ನಲ್ಲಿ ಇವೆರಡೂ 13ನೇ ಗೂಡಿನಲ್ಲಿ ಒಟ್ಟಿಗೆ ಕೂರುತ್ತವೆ; ಯಾವುದು ಯಾವುದೆಂದು ಕೊನೆಗೆ ತೀರ್ಮಾನಿಸುವುದು ಈಕ್ವಲ್ಸ್. ಕನ್ನಡದ ವ್ಯಂಜನಗಳೂ ಸ್ವರಚಿಹ್ನೆಗಳೂ ಯೂನಿಕೋಡ್‌ನಲ್ಲಿ ಹತ್ತಿರ ಹತ್ತಿರ ಇರುವುದರಿಂದ ಇಂಥ ಜೋಡಿಗಳು ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. 1.2ಕ್ಕಿಂತ ಹಿಂದಿನ ಜಾವಾದಲ್ಲಿ ಪಾಡು ಇನ್ನೂ ಕೆಟ್ಟದಿತ್ತು. ಉದ್ದದ ಸಾಲಿನಲ್ಲಿ ಹೆಚ್ಚೆಂದರೆ 16 ಅಕ್ಷರಗಳನ್ನು ಆಯ್ದು ನೋಡುತ್ತಿದ್ದ ಕಾರಣ, ಒಂದೇ ಬಗೆಯಾಗಿ ಶುರುವಾಗುವ ವೆಬ್ ವಿಳಾಸಗಳು ಕೆಲವೇ ಗೂಡುಗಳಲ್ಲಿ ಕಿಕ್ಕಿರಿಯುತ್ತಿದ್ದವು.

ಮ್ಯಾಪಿನೊಳಗೆ ಹೋದ ಮೇಲೆ ಕೀಲಿ ಬದಲಾದರೆ? ಆಬ್ಜೆಕ್ಟ್‌ಗಳಿಗೆ ಬದಲಾಗುವ ಸ್ಥಿತಿ ಇರುವುದೇ ಸಹಜ, ಮತ್ತು ಸ್ಥಿತಿ ಬದಲಾದರೆ ಹ್ಯಾಶ್‌ಕೋಡ್ ಬದಲಾಗುತ್ತದೆ, ಆದರೆ ಮ್ಯಾಪಿಗೆ ಅದು ಗೊತ್ತಾಗುವುದಿಲ್ಲ. ಒಂದೊಂದು ಭಾಷೆ ಇದಕ್ಕೆ ಒಂದೊಂದು ಮದ್ದು ಮಾಡಿತು. ನೆಕ್ಸ್ಟ್ ಕಂಪನಿಯಿಂದ ಆಪಲ್‌ಗೆ ಬಂದ ಆಬ್ಜೆಕ್ಟಿವ್-ಸಿ ಡಿಕ್ಷನರಿ ಕೀಲಿಯ ಒಂದು ಪ್ರತಿಯನ್ನು ಮಾಡಿ ಅದನ್ನೇ ಇಟ್ಟುಕೊಳ್ಳುತ್ತದೆ. ರೂಬಿಯ ಹ್ಯಾಶ್ ಅಕ್ಷರಸಾಲನ್ನು ನಕಲು ಮಾಡಿ ಹೆಪ್ಪುಗಟ್ಟಿಸುತ್ತದೆ. ಪೈಥಾನ್ ಪಟ್ಟಿಯನ್ನು ಕೀಲಿಯಾಗಿ ಒಪ್ಪುವುದೇ ಇಲ್ಲ. ಹ್ಯಾಶ್ ಮಾಡಲು ಬಾರದ ವಸ್ತು ಎಂದು ಅಲ್ಲೇ ಎರರ್ ಕೊಡುತ್ತದೆ. ಜಾವಾ ಮಾತ್ರ ದಾಖಲೆಯಲ್ಲಿ ಎಚ್ಚರಿಕೆ ಬರೆದು ಕೈತೊಳೆದುಕೊಂಡಿತು. ನಾಲ್ಕರಲ್ಲಿ ಪೈಥಾನ್‌ನ ಮದ್ದೇ ಮೇಲೆನಿಸುತ್ತದೆ, ತಪ್ಪು ನಡೆದ ಜಾಗದಲ್ಲೇ ಕೂಗಿ ಹೇಳುತ್ತದಲ್ಲ.

ಹಲವು ಥ್ರೆಡ್‌ಗಳು ಒಂದೇ ಮ್ಯಾಪಿಗೆ ಕೈ ಹಾಕುವ ಪ್ರಸಂಗ ಸರ್ವರ್‌ಗಳ ಕಾಲದ್ದು. ಹಳೆಯ ಹ್ಯಾಶ್‌ಮ್ಯಾಪ್ ಗೂಡುಗಳನ್ನು ಹೆಚ್ಚಿಸಿಕೊಳ್ಳುವ ಹೊತ್ತಿಗೆ ಎರಡು ಥ್ರೆಡ್‌ಗಳು ಒಟ್ಟಿಗೆ ಬರೆದರೆ ಸರಪಳಿ ತನ್ನ ಬಾಲವನ್ನೇ ಕಚ್ಚಿಕೊಂಡು ಹುಡುಕಾಟ ಮುಗಿಯದ ಸುತ್ತಾಗುತ್ತಿತ್ತು. 2004ರ ಜಾವಾ 5ರಲ್ಲಿ, ಡಗ್ ಲೀ ಮುಂದಾಳತ್ವದ ತಂಡ ಕೊಟ್ಟ ಕನ್‌ಕರೆಂಟ್ ಹ್ಯಾಶ್‌ಮ್ಯಾಪ್ ಬಂದ ಮೇಲೆ ಸರ್ವರ್ ಬರೆಯುವವರಿಗೆ ಸಿದ್ಧ ಪರಿಹಾರ ಸಿಕ್ಕಿತು.

ಆಬ್ಜೆಕ್ಟೇ ಡಿಕ್ಷನರಿಯಾದಾಗ

ಸ್ಕ್ರಿಪ್ಟಿಂಗ್ ಭಾಷೆಗಳ ಕಡೆ ಕಥೆ ತಲೆಕೆಳಗಾಗಿ ನಡೆಯಿತು. ಬೆಲ್ ಲ್ಯಾಬ್ಸ್‌ನಲ್ಲಿ 1977ರಲ್ಲಿ ಹುಟ್ಟಿದ ಆಕ್ ಭಾಷೆಯ ಅಸೋಸಿಯೇಟಿವ್ ಅರೇಗಳನ್ನು ಲ್ಯಾರಿ ವಾಲ್ 1987ರಲ್ಲಿ ಪರ್ಲ್‌ಗೆ ತಂದರು. 1994ರಲ್ಲಿ ಪರ್ಲ್ 5ಕ್ಕೆ ಆಬ್ಜೆಕ್ಟ್‌ಗಳು ಬೇಕಾದಾಗ ಹೊಸದನ್ನೇನೂ ಕಟ್ಟಲಿಲ್ಲ. ಇದ್ದ ಹ್ಯಾಶಿಗೆ ‘ಬ್ಲೆಸ್’ ಎಂಬ ಆದೇಶದಿಂದ ಒಂದು ಕ್ಲಾಸಿನ ಹೆಸರು ಅಂಟಿಸಿದರೆ ಅದೇ ಆಬ್ಜೆಕ್ಟ್. ಹಿಂದಿನ ವರ್ಷ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಲುವಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಟೇಬಲ್ ಬಿಟ್ಟರೆ ಬೇರೆ ದತ್ತರಚನೆಯೇ ಬೇಡ ಎಂದಿತು. ಪೈಥಾನ್‌ನಲ್ಲಿ ಸಾಮಾನ್ಯ ಕ್ಲಾಸಿನ ಪ್ರತಿ ಆಬ್ಜೆಕ್ಟಿಗೂ ತನ್ನ ಗುಣಗಳ ಡಿಕ್ಷನರಿ ಇರುತ್ತದೆ, ಕ್ಲಾಸಿಗೂ ಮಾಡ್ಯೂಲಿಗೂ ಒಂದೊಂದು. ಆದ್ದರಿಂದಲೇ ಆ ಭಾಷೆಯನ್ನು ಕಟ್ಟುವವರು ಡಿಕ್ಷನರಿಯ ವೇಗದ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಂಡಿದ್ದು.

1995ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಮೊದಲ ರೂಪ ಕೊಟ್ಟ ಜಾವಾಸ್ಕ್ರಿಪ್ಟ್‌ನಲ್ಲೂ ಆಬ್ಜೆಕ್ಟ್ ಮತ್ತು ಮ್ಯಾಪ್ ಎರಡೂ ಒಂದೇ ವಸ್ತು. ಅದರ ತೊಂದರೆ ನಿಧಾನವಾಗಿ ಕಾಣಿಸಿತು. ಕೀಲಿಗಳು ಅಕ್ಷರಸಾಲೇ ಆಗಿರಬೇಕಿತ್ತು. ಆಬ್ಜೆಕ್ಟನ್ನು ಕೀಲಿಯಾಗಿಸಿದರೆ ಎಲ್ಲ ಸಾದಾ ಆಬ್ಜೆಕ್ಟ್‌ಗಳೂ ಒಂದೇ ಅಕ್ಷರಸಾಲಾಗಿ ಒಂದರ ಮೇಲೊಂದು ಬರೆದುಕೊಳ್ಳುತ್ತಿದ್ದವು. ಪದಗಳನ್ನು ಎಣಿಸುವ ಪ್ರೋಗ್ರಾಮಿನ ಪಠ್ಯದಲ್ಲಿ ‘ಕನ್‌ಸ್ಟ್ರಕ್ಟರ್’ ಎಂಬ ಇಂಗ್ಲಿಷ್ ಪದ ಬಂತೆಂದರೆ, ಯಾರೂ ಹಾಕದ ಮೌಲ್ಯವೊಂದು ಮೂಲಮಾದರಿಯಿಂದ (ತನ್ನಲ್ಲಿಲ್ಲದ ಕೀಲಿಯನ್ನು ಆಬ್ಜೆಕ್ಟ್ ಹುಡುಕುವ ಇನ್ನೊಂದು ಆಬ್ಜೆಕ್ಟಿನಿಂದ) ಬಂದು ಎಣಿಕೆಯನ್ನು ಕೆಡಿಸುತ್ತಿತ್ತು. ಕೊನೆಗೆ 2015ರ ಮಾನಕ ನಿಜವಾದ ಮ್ಯಾಪ್ ಅನ್ನು ಪ್ರತ್ಯೇಕವಾಗಿ ಕೊಟ್ಟಿತು. ಇಪ್ಪತ್ತು ವರ್ಷ ಒಂದಾಗಿದ್ದ ಎರಡು ಪಾತ್ರಗಳು ಅಲ್ಲಿ ಬೇರೆಯಾದವು.

ವೇಗದ ವಿಷಯದಲ್ಲಿ ಬೇರ್ಪಡೆ ಮೊದಲೇ, ತೆರೆಮರೆಯಲ್ಲಿ ನಡೆದಿತ್ತು. ಸೆಲ್ಫ್ ಭಾಷೆಯ ಕ್ರೇಗ್ ಚೇಂಬರ್ಸ್, ಡೇವಿಡ್ ಉಂಗರ್ ಮತ್ತು ಎಲ್ಗಿನ್ ಲೀ 1989ರಲ್ಲಿ ತೋರಿಸಿದ್ದು ಇದು: ಒಂದೇ ರೀತಿ ಹುಟ್ಟಿದ ಆಬ್ಜೆಕ್ಟ್‌ಗಳಿಗೆ ಒಂದೇ ಕೀಲಿಗಳಿರುತ್ತವೆ, ಹಾಗಾಗಿ ಯಾವ ಹೆಸರು ಎಲ್ಲಿದೆ ಎಂಬ ನಕ್ಷೆಯನ್ನು ಒಮ್ಮೆ ಬರೆದು ಎಲ್ಲರೂ ಹಂಚಿಕೊಂಡರೆ, ಪ್ರತಿ ಆಬ್ಜೆಕ್ಟ್‌ನಲ್ಲಿ ಮೌಲ್ಯಗಳ ಸಾಲು ಮಾತ್ರ ಇದ್ದರೆ ಸಾಕು. 2008ರಲ್ಲಿ ಕ್ರೋಮ್ ಜೊತೆಗೆ ಬಂದ ವಿ8 ಎಂಜಿನ್ ಇದನ್ನೇ ಹಿಡನ್ ಕ್ಲಾಸ್ ಎಂಬ ಹೆಸರಿನಲ್ಲಿ ಜಾವಾಸ್ಕ್ರಿಪ್ಟ್‌ಗೆ ತಂದಿತು. ಪೈಥಾನ್ 3.3ರಲ್ಲಿ, 2012ರಲ್ಲಿ, ಮಾರ್ಕ್ ಶಾನನ್ ಅವರ ಪ್ರಸ್ತಾವದಂತೆ ಒಂದೇ ಕ್ಲಾಸಿನ ಆಬ್ಜೆಕ್ಟ್‌ಗಳು ಕೀಲಿಗಳನ್ನು ಹಂಚಿಕೊಳ್ಳತೊಡಗಿದವು. ಮೇಲ್ನೋಟಕ್ಕೆ ಡಿಕ್ಷನರಿ, ಕೆಳಗೆ ಹೆಚ್ಚುಕಡಿಮೆ ಸಿಮ್ಯುಲಾದ ಕಾಲದ ನಿಗದಿತ ವಿನ್ಯಾಸ.

ದಾಳಿ, ಕ್ರಮ

2003ರಲ್ಲೇ ಸ್ಕಾಟ್ ಕ್ರಾಸ್‌ಬಿ ಮತ್ತು ಡ್ಯಾನ್ ವಾಲಾಕ್ ಎಚ್ಚರಿಸಿದ್ದರು. ಹ್ಯಾಶ್ ಸೂತ್ರ ಗೊತ್ತಿದ್ದವರು ಒಂದೇ ಗೂಡಿಗೆ ಬೀಳುವ ಸಾವಿರಾರು ಕೀಲಿಗಳನ್ನು ಬೇಕೆಂದೇ ಕಳಿಸಿ ಸರ್ವರನ್ನು ಕೆಡವಬಹುದು ಎಂದು. ಪರ್ಲ್ ಆ ವರ್ಷವೇ ತನ್ನ ಹ್ಯಾಶಿಗೆ ಯಾದೃಚ್ಛಿಕತೆ ಬೆರೆಸಿತು, ಹೆಚ್ಚಿನವರು ಸುಮ್ಮನಿದ್ದರು. 2011ರ ಡಿಸೆಂಬರ್ 28ರಂದು ಬರ್ಲಿನ್‌ನ ಸಮ್ಮೇಳನವೊಂದರಲ್ಲಿ ಅಲೆಕ್ಸಾಂಡರ್ ಕ್ಲಿಂಕ್ ಮತ್ತು ಯೂಲಿಯನ್ ವೆಲ್ಡೆ ಇದನ್ನು ಪಿಎಚ್‌ಪಿ, ಜಾವಾ, ಪೈಥಾನ್, ಎಎಸ್‌ಪಿ ಡಾಟ್‌ನೆಟ್‌ಗಳ ಮೇಲೆ ವಿವರಿಸಿ ತೋರಿಸಿದರು. ವೆಬ್ ಫಾರಂ ತುಂಬಿ ಕಳಿಸಿದ ಹೆಸರುಗಳೆಲ್ಲ ಸರ್ವರಿನಲ್ಲಿ ಒಂದು ಹ್ಯಾಶ್ ಕೋಷ್ಟಕಕ್ಕೆ ಹೋಗುತ್ತವಲ್ಲ, ಬಾಗಿಲು ಅದೇ. ಮೈಕ್ರೋಸಾಫ್ಟ್ ಮರುದಿನವೇ ತುರ್ತು ತೇಪೆ ಹೊರಡಿಸಿತು. ಜೀನ್ ಫಿಲಿಪ್ ಓಮಾಸೋನ್ ಮತ್ತು ಡೇನಿಯಲ್ ಬರ್ನ್‌ಸ್ಟೈನ್ 2012ರಲ್ಲಿ ರಹಸ್ಯ ಬೀಜ ಬಳಸುವ ಸಿಪ್‌ಹ್ಯಾಶ್ ರೂಪಿಸಿದರು, ಪೈಥಾನ್ 3.4 ಅದನ್ನು ಅಳವಡಿಸಿಕೊಂಡಿತು. ಜಾವಾ ಅಕ್ಷರಸಾಲಿನ ಸೂತ್ರವನ್ನು ದಾಖಲೆಯಲ್ಲೇ ಬರೆದು ಕೊಟ್ಟಿದ್ದರಿಂದ ಬದಲಿಸುವಂತಿರಲಿಲ್ಲ. 2014ರ ಜಾವಾ 8ರಲ್ಲಿ, ಸಾಕಷ್ಟು ದೊಡ್ಡದಾದ ಕೋಷ್ಟಕದ ಒಂದು ಗೂಡಿನಲ್ಲಿ ಎಂಟಕ್ಕಿಂತ ಹೆಚ್ಚು ಜೋಡಿಗಳು ಸೇರಿದರೆ ಸರಪಳಿಯನ್ನು ಕೆಂಪು–ಕಪ್ಪು ಮರವಾಗಿಸುವ ಉಪಾಯ ಮಾಡಿತು.

ಹಾಕಿದ ಕ್ರಮದಲ್ಲೇ ಕೀಲಿಗಳು ಹೊರಬರಬೇಕೆಂಬ ಆಸೆ ಬಳಕೆದಾರರದು, ಹ್ಯಾಶಿಂಗ್‌ಗೆ ಅದು ಹೊರಗಿನದು. ಜಾವಾ 2002ರಲ್ಲಿ ಲಿಂಕ್ಡ್ ಹ್ಯಾಶ್‌ಮ್ಯಾಪ್ ಕೊಟ್ಟಿತು. ಪೈಥಾನ್‌ಗೆ ಅದು ಬೇರೆ ಕೆಲಸದ ಉಪಫಲವಾಗಿ ದಕ್ಕಿತು: ಜೋಡಿಗಳನ್ನು ಒತ್ತಾಗಿ ಒಂದು ಸಾಲಿನಲ್ಲಿಟ್ಟು, ಗೂಡುಗಳಲ್ಲಿ ಅವುಗಳ ಕ್ರಮಸಂಖ್ಯೆ ಮಾತ್ರ ಇಡುವ ಯೋಜನೆಯನ್ನು ರೇಮಂಡ್ ಹೆಟಿಂಗರ್ 2012ರಲ್ಲಿ ಮುಂದಿಟ್ಟಿದ್ದರು. 2016ರ 3.6 ಆವೃತ್ತಿಯಲ್ಲಿ ಅದು ಬಂದಾಗ ಡಿಕ್ಷನರಿಗಳು ಹಿಡಿಯುವ ಮೆಮೊರಿ ಶೇಕಡಾ 20ರಿಂದ 25ರಷ್ಟು ಇಳಿಯಿತು, ಕ್ರಮವೂ ತಾನಾಗಿ ಉಳಿಯಿತು. 2018ರ 3.7ರಿಂದ ಅದು ಭಾಷೆಯ ವಾಗ್ದಾನ.

ಕನ್ನಡದ ಕೀಲಿಗಳು

ಊರಿನ ಹೆಸರನ್ನು ಕೀಲಿಯಾಗಿಸುವ ಕನ್ನಡ ಪ್ರೋಗ್ರಾಮಿಗೆ ಸಮಾನತೆಯ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ‘ಕೋಲಾರ’ವನ್ನು ಯೂನಿಕೋಡ್‌ನಲ್ಲಿ ಐದು ಸಂಕೇತಗಳಲ್ಲಿ ಬರೆಯಬಹುದು. ಓತ್ವದ ಒಂದೇ ಚಿಹ್ನೆಯ ಬದಲು ಎತ್ವ, ಊತ್ವ, ದೀರ್ಘಚಿಹ್ನೆ ಎಂದು ಬಿಡಿಸಿದರೆ ಏಳು ಸಂಕೇತಗಳಾಗುತ್ತವೆ. ಎರಡೂ ಸಮವೆಂದು ಯೂನಿಕೋಡ್ ಹೇಳುತ್ತದೆ, ತೆರೆಯ ಮೇಲೆ ಎರಡೂ ಕೋಲಾರವೇ. ಜಾವಾ ಮತ್ತು ಪೈಥಾನ್‌ನ ಮ್ಯಾಪ್‌ಗಳಿಗೆ ಅವು ಎರಡು ಊರುಗಳು. ಕೀಲಿಯಾಗಿಸುವ ಮೊದಲು ಒಂದೇ ರೂಪಕ್ಕೆ ತರುವ, ಅಂದರೆ ಸಾಮಾನ್ಯೀಕರಿಸುವ, ಹೊಣೆ ಪ್ರೋಗ್ರಾಮರ್‌ನದು. ಆಪಲ್‌ನ ಸ್ವಿಫ್ಟ್ ಈ ಸಮಾನತೆಯನ್ನು ತಾನೇ ಗಮನಿಸಿ ಎರಡನ್ನೂ ಒಂದೇ ಕೀಲಿಯಾಗಿ ನೋಡುತ್ತದೆ. ಅರ್ಧಾಕ್ಷರದ ಕೊನೆಗೆ ಕಾಣದಂತೆ ಕೂರುವ ಶೂನ್ಯ ಅಗಲದ ಚಿಹ್ನೆಯನ್ನು ಮಾತ್ರ ಈ ಸಾಮಾನ್ಯೀಕರಣವೂ ತೆಗೆಯುವುದಿಲ್ಲ. ಅದನ್ನು ಬೇರೆಯಾಗಿಯೇ ಕಿತ್ತುಹಾಕಬೇಕು.

ಮ್ಯಾಪೋ, ಕ್ಲಾಸೋ

ಗ್ರಾಹಕನ ಹೆಸರು, ವಿಳಾಸ, ಬಾಕಿಗಳಿಗೆ ಒಂದು ಕ್ಲಾಸ್ ಬರೆಯಬೇಕೋ, ಒಂದು ಮ್ಯಾಪಿನಲ್ಲಿ ತುಂಬಿ ಕಳಿಸಿದರೆ ಸಾಕೋ ಎಂಬ ಜಗಳ ಹಳೆಯದು. ಕ್ಲಾಸ್ ಪರವಾದಿಗಳ ವಾದ ಗಟ್ಟಿ: ಕೀಲಿಯಲ್ಲಿ ಒಂದಕ್ಷರ ತಪ್ಪಾದರೆ ಕಂಪೈಲರ್ ಹಿಡಿಯುವುದಿಲ್ಲ, ಮ್ಯಾಪಿನಲ್ಲಿ ಏನಿರಬೇಕೆಂದು ಓದುವವರಿಗೆ ತಿಳಿಯುವುದಿಲ್ಲ, ಬಾಕಿ ಋಣಾತ್ಮಕವಾಗದಂತೆ ಕಾಯುವವರಿಲ್ಲ. ರಿಚ್ ಹಿಕಿ 2007ರಲ್ಲಿ ಹೊರತಂದ ಕ್ಲೋಜರ್ ಇದಕ್ಕೆ ನೇರ ಎದುರುತ್ತರ. ದತ್ತವೆಲ್ಲ ಬದಲಾಗದ ಸಾದಾ ಮ್ಯಾಪ್‌ಗಳಲ್ಲಿರಲಿ, ಒಂದೇ ಬಗೆಯ ಫಂಕ್ಷನ್‌ಗಳು ಎಲ್ಲದರ ಮೇಲೂ ನಡೆಯುತ್ತವೆ ಎಂದಿತು ಅದು.

ಆಬ್ಜೆಕ್ಟ್ ಭಾಷೆಗಳು ನಡುದಾರಿಗೆ ಇಳಿದವು. ಪೈಥಾನ್ 2018ರಲ್ಲಿ ಡೇಟಾಕ್ಲಾಸ್ ಕೊಟ್ಟು ಕ್ಲಾಸ್ ಬರೆಯುವ ಶ್ರಮ ಇಳಿಸಿತು. ಮರುವರ್ಷ ಟೈಪ್ಡ್‌ಡಿಕ್ಟ್ ಕೊಟ್ಟು, ಡಿಕ್ಷನರಿಯಲ್ಲಿ ಯಾವ ಕೀಲಿಗಳಿರಬೇಕೆಂದು ಮೊದಲೇ ಬರೆದಿಡಲು ಅವಕಾಶ ಮಾಡಿತು. 2021ರ ಜಾವಾ 16ರ ರೆಕಾರ್ಡ್‌ಗೆ ಅಂಗಗಳ ಹೆಸರು ಕೊಟ್ಟರೆ ಸಾಕು, ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಎರಡನ್ನೂ ಭಾಷೆಯೇ ಹೊಂದಿಸಿ ಬರೆದುಕೊಡುತ್ತದೆ. ಆರ್‌ಆರ್ ಸಂಖ್ಯೆಯನ್ನು ರೆಕಾರ್ಡ್ ಆಗಿ ಬರೆದರೆ ಒಂದು ಸಾಲು. ಅಂಗಗಳು ಹುಟ್ಟಿದ ಮೇಲೆ ಬದಲಾಗದ ಕಾರಣ, ಅಂಥ ಒಂದು ಸಂಖ್ಯೆ ಅಥವಾ ಹೆಸರಿನ ರೆಕಾರ್ಡನ್ನು ಮ್ಯಾಪಿಗೆ ಕೀಲಿಯಾಗಿ ಕೊಡಲು ಹಿಂಜರಿಯಬೇಕಿಲ್ಲ. ಅಂಗವೊಂದು ಬದಲಾಗಬಲ್ಲ ಪಟ್ಟಿಯೋ ಅರೇಯೋ ಆಗಿದ್ದರೆ ಮಾತ್ರ ಹಳೆಯ ತೊಂದರೆ ಹಿಂದಿನ ಬಾಗಿಲಿನಿಂದ ಬರುತ್ತದೆ.